ಬ್ಯಾಂಡ್‌ಏಡ್ ಸುತ್ತಿದ ಬೆರಳು

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ಒಂದು ಕಾದಂಬರಿ ಓದಿ ಮುಗಿಸಿದೆ. ಆಮೇಲೆ ನಿದ್ದೆಯೇ ಹತ್ತಲಿಲ್ಲ. ನಿನಗೆ ಬರೆಯದೆ ಇರೋಕಾಗಲ್ಲ ಅನ್ನಿಸಿ ಕೂತಿದ್ದೇನೆ.

ಜಾನ್ ಗ್ರೀನ್ ಬರೆದ ‘ಟರ್ಟಲ್ಸ್ ಆಲ್ ದಿ ವೇ ಡೌನ್’. 2017ರಲ್ಲಿ ಬಂದದ್ದು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕತೆ. ಏಜಾ ಅಂತ 16 ವರ್ಷದ ಹುಡುಗಿ. ಒಬ್ಬ ಕೋಟ್ಯಧೀಶ ನಾಪತ್ತೆಯಾಗಿದ್ದಾನೆ, ಸುಳಿವು ಕೊಟ್ಟವರಿಗೆ ಬಹುಮಾನ, ಹೀಗೆ ಶುರುವಾಗುತ್ತೆ. ಆದರೆ ಆ ಹುಡುಕಾಟ ಒಂದು ನೆಪ ಅಷ್ಟೇ. ನಿಜವಾದ ಕತೆ ನಡೆಯೋದು ಅವಳ ತಲೆಯೊಳಗೆ.

ಹೆಬ್ಬೆರಳಿನ ಉಗುರಿನಿಂದ ನಡುಬೆರಳನ್ನು ಒತ್ತಿಕೊಳ್ಳುವುದು ಅವಳ ಚಿಕ್ಕಂದಿನ ಅಭ್ಯಾಸ. ತಾನು ನಿಜವಾಗ್ಲೂ ಇದ್ದೇನಾ ಅಂತ ಖಾತ್ರಿ ಮಾಡಿಕೊಳ್ಳೋಕೆ. ಒತ್ತಿ ಒತ್ತಿ ಅಲ್ಲಿ ಚರ್ಮ ಒಡೆದಿದೆ, ಅದಕ್ಕೆ ಬ್ಯಾಂಡ್‌ಏಡ್. ಒಳಗೆ ಕೀಟಾಣು ಸೇರಿಬಿಟ್ಟಿದ್ದರೆ? ಬಿಚ್ಚುತ್ತಾಳೆ, ಹಿಂಡಿ ರಕ್ತ ತೆಗೆಯುತ್ತಾಳೆ, ಸ್ಯಾನಿಟೈಸರ್ ಹಚ್ಚುತ್ತಾಳೆ, ಹೊಸದು ಸುತ್ತುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಅನುಮಾನ. ಇದು ಒಸಿಡಿ, ಬೇಡದ ಯೋಚನೆ ಬಿಡದೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಮಾನಸಿಕ ಕಾಯಿಲೆ. ಗ್ರೀನ್ ತಮಗೂ ಅದು ಇದೆ ಅಂತ ಬಹಿರಂಗವಾಗಿಯೇ ಹೇಳಿಕೊಂಡವರು. ಓದುವಾಗ ಅದು ಗೊತ್ತಾಗುತ್ತೆ. ಹೊರಗೆ ನಿಂತು ನೋಡಿದವರಿಗೆ ಹೀಗೆ ಬರೆಯೋಕೆ ಆಗಲ್ಲ.

ನನಗೆ ನಮ್ಮ ಪರೀಕ್ಷೆಯ ದಿನಗಳು ನೆನಪಾದವು. ಉತ್ತರ ಪತ್ರಿಕೆ ಮೇಲೆ ನಂಬರ್ ಸರಿಯಾಗಿ ಬರೆದಿದ್ದೀನಾ ಅಂತ ನಿನ್ನನ್ನು ಎಷ್ಟು ಸಲ ಕೇಳಿರಬಹುದು? ನೀನು ಬೇರೆ ರೂಮಿನಲ್ಲಿ ಕೂತು ಬರೆದವನು, ನಿನಗೆ ಹೇಗೆ ಗೊತ್ತಿರುತ್ತೆ? ಆದರೂ ಪ್ರತಿ ಸಲ ‘ಬರೆದಿದ್ದೀಯ ಕಣೋ’ ಅಂತಿದ್ದೆ.

ಏಜಾಗೆ ಡೈಸಿ ಅಂತ ಗೆಳತಿ ಇದ್ದಾಳೆ. ಮಾತುಗಾತಿ. ಸ್ಟಾರ್ ವಾರ್ಸ್ ಸಿನಿಮಾಗಳ ಪಾತ್ರಗಳನ್ನಿಟ್ಟುಕೊಂಡು ಆನ್‌ಲೈನ್‌ನಲ್ಲಿ ಕತೆ ಬರೀತಾಳೆ. ಒಂದು ದಿನ ಏಜಾ ಆ ಕತೆಗಳನ್ನು ಓದುತ್ತಾಳೆ. ಅದರಲ್ಲಿ ಎಲ್ಲರಿಗೂ ತಲೆನೋವಾದ ಒಂದು ಪಾತ್ರ ಇದೆ. ಅದು ತಾನೇ ಅಂತ ಅವಳಿಗೆ ತಿಳಿಯುತ್ತೆ. ಅಲ್ಲಿ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ.

ಆಮೇಲೆ ಕಾರಿನಲ್ಲಿ ಇಬ್ಬರಿಗೂ ಜಗಳ. ಡೈಸಿ ಒಳಗಿದ್ದದ್ದನ್ನೆಲ್ಲ ಕಕ್ಕಿಬಿಡುತ್ತಾಳೆ. ನೀನು ಯಾವತ್ತೂ ನಿನ್ನೊಳಗೇ ಇರ್ತೀಯ, ನನ್ನ ಬದುಕಿನ ಬಗ್ಗೆ ನಿನಗೇನೂ ಗೊತ್ತಿಲ್ಲ ಅನ್ನೋದು ಅವಳ ಸಿಟ್ಟು. ಕ್ರೂರ ಅನ್ನಿಸುತ್ತೆ, ಆದರೆ ಸುಳ್ಳಲ್ಲ. ಅಷ್ಟಾದರೂ ಡೈಸಿ ಬಿಟ್ಟುಹೋಗಲ್ಲ. ಏಜಾಳ ಕಾಯಿಲೆಯೂ ಮಂತ್ರ ಹಾಕಿದ ಹಾಗೆ ಮಾಯವಾಗಲ್ಲ. ಪುಸ್ತಕದ ಹೆಸರಿನಲ್ಲಿರುವ ‘ಟರ್ಟಲ್ಸ್’, ಅಂದ್ರೆ ಆಮೆಗಳ ಕತೆ ಹೇಳುವವಳೂ ಡೈಸಿಯೇ. ಭೂಮಿ ನಿಂತಿರೋದು ಆಮೆಯ ಬೆನ್ನ ಮೇಲೆ, ಆ ಆಮೆ ಇನ್ನೊಂದರ ಮೇಲೆ, ಅದರ ಕೆಳಗೂ ಆಮೆಯೇ. ತೀರಾ ತಳದಲ್ಲಿ ‘ಇದೇ ನಾನು’ ಅಂತ ಗಟ್ಟಿಯಾಗಿ ಹಿಡಿಯೋಕೆ ಏನೂ ಸಿಗಲ್ಲ. ಅದನ್ನೇ ಹುಡುಕಿ ಸುಸ್ತಾದವಳಿಗೆ ಈ ಮಾತಿನಿಂದ ಮನಸ್ಸು ಎಷ್ಟು ಹಗುರ ಅನ್ನಿಸಿರಬೇಕು, ಅಲ್ವಾ? ನನಗಂತೂ ಹಾಗೇ ಅನ್ನಿಸಿತು.

ನಿನಗೂ ಒಂದು ಸಲ ಸಿಟ್ಟು ಬಂದಿತ್ತು. ‘ನಿನ್ನದೊಂದೇ ಗೋಳು’ ಅಂದುಬಿಟ್ಟೆ. ಮರುದಿನ ಏನೂ ಆಗಿಲ್ಲ ಅನ್ನೋ ಹಾಗೆ ಬಂದು ಪಕ್ಕದಲ್ಲೇ ಕೂತೆ. ನಾನು ಆ ಮಾತನ್ನು ತುಂಬಾ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಆ ವರ್ಷ ನಿಮ್ಮಪ್ಪನಿಗೆ ಹುಷಾರಿರಲಿಲ್ಲ ಅನ್ನೋದು ಮಾತ್ರ ನನ್ನ ತಲೆಗೇ ಹೋಗಲಿಲ್ಲ. ಒಂದು ದಿನವೂ ವಿಚಾರಿಸಲಿಲ್ಲ.

ಈಗ ಕೇಳುತ್ತಿದ್ದೇನೆ ಕಣೋ. ಆಗ ಮನೆಯಲ್ಲಿ ಹೇಗಿತ್ತು? ನೀನು ಹೇಗಿದ್ದೆ? ಉದ್ದವಾಗಿ ಬರಿ. ಪೂರ್ತಿ ಓದುತ್ತೇನೆ.

ನಿನ್ನ,
ಹಳೇ ಬೆಂಚಿನ ಗೆಳೆಯ