ಹೆಲ್ಮೆಟ್ ಜೊತೆಗೆ ಹಾವಿನ ಪಾಠವೂ ಇರಲಿ

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಬೆಂಗಳೂರು, ಮೈಸೂರಿನ ಹೊರವಲಯದ ಕುದುರೆ ಸವಾರಿ ಶಿಬಿರಗಳು ತುಂಬಿ ತುಳುಕುತ್ತವೆ. ಮಕ್ಕಳಿಗೆ ಹೆಲ್ಮೆಟ್ ಹಾಕಿಸುತ್ತಾರೆ, ಟ್ರಾಟ್ (ಕುದುರೆಯ ಲಘು ಓಟ) ಕಲಿಸುತ್ತಾರೆ. ಭರಣಿ, ಕೃತ್ತಿಕೆ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಹಾವು ಎದುರಾದರೆ ಏನು ಮಾಡಬೇಕೆಂದು ಹೇಳಿಕೊಡುವವರು ಕಡಿಮೆ.

ಗೊರಸಿನ ಅದುರಿಗೆ ನಾಗರ, ಕೇರೆ ಸಾಮಾನ್ಯವಾಗಿ ಸರಿದುಹೋಗುತ್ತವೆ. ತೊಂದರೆ ಕೊಳಕುಮಂಡಲದ್ದು. ಅದು ಸುತ್ತಿಕೊಂಡು ಬಿದ್ದಲ್ಲೇ ಇದ್ದು ಕುಕ್ಕರ್ ಸೀಟಿಯಂತೆ ಬುಸುಗುಡುತ್ತದೆ. ಕುದುರೆಗೆ ಮೂತಿಯ ಕೆಳಗಿನ ನೆಲ ಕಾಣುವುದಿಲ್ಲ, ಸದ್ದಿಗೇ ಬೆಚ್ಚಿ ಪಕ್ಕಕ್ಕೆ ಹಾರುತ್ತದೆ. ಹೊಸಬರು ಗಾಬರಿಯಲ್ಲಿ ಎರಡೂ ಲಗಾಮು ಜಗ್ಗುತ್ತಾರೆ. ಮುಂದೆ ಹೋಗಲು ದಾರಿಯಿಲ್ಲದ ಕುದುರೆ ಮುಂಗಾಲೆತ್ತುತ್ತದೆ, ಸವಾರ ಹಾವಿನ ಪಕ್ಕದಲ್ಲೇ ಬೀಳುತ್ತಾನೆ. ಹಿಮ್ಮಡಿ ಕೆಳಗಿಳಿಸಿ, ಜೀನಿನಲ್ಲಿ ಆಳವಾಗಿ ಕೂತು, ಒಂದೇ ಲಗಾಮು ಎಳೆದು ಕುದುರೆಯ ಕತ್ತನ್ನು ಹಾವಿನಿಂದ ಆಚೆಗೆ ತಿರುಗಿಸಿ ನಾಲ್ಕೈದು ಮಾರು ದೂರ ಒಯ್ಯಬೇಕು. ಅಲ್ಲಿಯವರೆಗೆ ಇಳಿಯಲೇಬಾರದು.

ಮೇಯುವ ಕುದುರೆಗೆ ಹಾವು ಕಚ್ಚುವುದು ಹೆಚ್ಚಾಗಿ ಮೂತಿಗೆ. ಕುದುರೆ ಬಾಯಿಂದ ಉಸಿರಾಡಲಾರದು. ಮೂತಿ ಊದಿ ಹೊಳ್ಳೆ ಮುಚ್ಚಿಕೊಂಡರೆ ವಿಷಕ್ಕಿಂತ ಮೊದಲು ಉಸಿರುಕಟ್ಟಿಯೇ ಸಾಯಬಹುದು. ಹಾಗಾಗಿ ಜೀನಿನ ಚೀಲದಲ್ಲಿ ಬೆರಳು ಗಾತ್ರದ, 15–20 ಸೆಂ.ಮೀ. ಉದ್ದದ ಎರಡು ಮೆದು ಪೈಪಿನ ತುಂಡುಗಳಿರಲಿ. ಅಂಚು ಚೂಪಾಗಿರದಂತೆ ಬೆಂಕಿಗೆ ಹಿಡಿದು ನಯ ಮಾಡಿರಬೇಕು. ಊತ ಏರುವ ಮೊದಲೇ ಎಣ್ಣೆ ಸವರಿ ಹೊಳ್ಳೆಗೊಂದರಂತೆ ತೂರಿಸಿ, ಟೇಪು ಸುತ್ತಿ ನಿಲ್ಲಿಸಿ, ಪಶುವೈದ್ಯರನ್ನು ಅಲ್ಲಿಗೇ ಕರೆಸಬೇಕು. ಕುದುರೆಯನ್ನು ಓಡಿಸಿದರೆ ವಿಷ ಬೇಗ ಏರುತ್ತದೆ.

ಕಚ್ಚಿಸಿಕೊಂಡವರು ಮನುಷ್ಯರಾದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡವೇ ಬೇಡ. ಉಂಗುರ, ಬೂಟು ಬಿಚ್ಚಿ, ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, 108ಕ್ಕೆ ಕರೆ ಮಾಡಿ. ಕಟ್ಟುಹಾವು ಕಚ್ಚಿದರೆ ನೋವೇ ಇಲ್ಲದಿರಬಹುದು, ಅದನ್ನು ನಂಬಿ ಕಾಯಬಾರದು. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಅಂದಹಾಗೆ, ಆಗ ನಮಗೆ ಚುಚ್ಚುವ ಪ್ರತಿವಿಷವೂ ಕುದುರೆಯ ರಕ್ತದಿಂದಲೇ ತಯಾರಾಗುವುದು.

ಹವಾಮಾನದ್ದೂ ಒಂದು ಮಾತು. ಏಪ್ರಿಲ್‌ನಲ್ಲಿ ಬೆಳಿಗ್ಗೆ 9ರೊಳಗೆ ಸವಾರಿ ಮುಗಿಯಲಿ. ಬೆವರಿದ ಕುದುರೆಗೆ ತಣ್ಣೀರು ಹಾಕಿದರೆ ನರ ಹಿಡಿಯುತ್ತದೆ ಎಂಬುದು ಸುಳ್ಳು. ಉಸಿರಾಟ ತಗ್ಗುವವರೆಗೆ ಮೈತುಂಬ ಸುರಿಯುತ್ತಲೇ ಇರಿ. ಗುಡುಗು ಕೇಳಿಸಿದರೆ ಇಳಿದು, ಒಂಟಿ ಮರದ ಕೆಳಗೆ ನಿಲ್ಲದೆ ಕಟ್ಟಡ ಸೇರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಡಬೇಡಿ. ಎರೆಮಣ್ಣಿನ ದಾರಿಯಾದರೆ ಮಳೆಯ ಮೇಲೆ ಗೊರಸಿನಡಿ ಉಂಡೆ ಕಟ್ಟಿ ಕಾಲು ಜಾರುತ್ತದೆ, ನಿಂತು ನಿಂತು ಕೆರೆದು ತೆಗೆಯಬೇಕು.

ಶಿಬಿರದವರು ಮೊದಲ ದಿನವೇ ಅಂಗಳದಲ್ಲಿ ಹಗ್ಗದ ಸುರುಳಿಯೊಂದನ್ನು ಇಟ್ಟು, ಒಂದೇ ಲಗಾಮಿನಲ್ಲಿ ಕುದುರೆ ತಿರುಗಿಸುವುದನ್ನು ಪ್ರತಿ ಮಗುವಿನಿಂದಲೂ ಮಾಡಿಸಲಿ. ತಲೆಗೆ ಹತ್ತು ನಿಮಿಷ ಸಾಕು.

— ಸವಾರಿ ತರಬೇತುದಾರರೊಬ್ಬರು, ತುಮಕೂರು