ಲ್ಯಾಂಕಾಷೈರ್ ಬಾವುಟಕ್ಕೆ ಹಳದಿ ಬಂದ ಬಗೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಕೌಂಟಿ (ನಮ್ಮ ಜಿಲ್ಲೆಯಂಥ ಪ್ರದೇಶ) ಬಾವುಟಗಳೆಲ್ಲ ಮಧ್ಯಯುಗದವೆಂದು ನಂಬುವವರು ಲ್ಯಾಂಕಾಷೈರಿನದನ್ನು ನೋಡಬೇಕು. ಕೆಂಪು ಗುಲಾಬಿಯೇನೋ ಹಳೆಯದೇ, ಲ್ಯಾಂಕಾಸ್ಟರ್ ರಾಜಮನೆತನದ್ದು. ಜನ ಹಾರಿಸುತ್ತಿದ್ದುದು ಬಿಳಿಯ ಮೇಲಿನ ಗುಲಾಬಿಯನ್ನು. 2008ರಲ್ಲಿ ಅದನ್ನು ಬಾವುಟಗಳ ದಾಖಲೆ ಇಡುವ ಫ್ಲ್ಯಾಗ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಲ್ಲಿ ನೋಂದಾಯಿಸಹೊರಟರೆ, ಆ ವಿನ್ಯಾಸ ಆಗಲೇ ಸ್ಕಾಟ್ಲೆಂಡಿನ ಮಾಂಟ್ರೋಸ್ ಪಟ್ಟಣದ ಹೆಸರಿನಲ್ಲಿತ್ತು! ಹಾಗಾಗಿ ಹಿನ್ನೆಲೆ ಹಳದಿಯಾಯಿತು.

ಇನ್ನು ಹೀಗೆ ನೋಂದಾಯಿತವಾದ ಬಾವುಟಕ್ಕೆ ‘ಅಧಿಕೃತ’ ಎನ್ನುವುದನ್ನು ತುಸು ಎಚ್ಚರದಿಂದ ಬಳಸಬೇಕು. ಆ ಸಂಸ್ಥೆ ಸರ್ಕಾರದ್ದಲ್ಲ, ದತ್ತಿ ಸಂಸ್ಥೆ. ಅದರ ನೋಂದಣಿ ಶಾಸನವಲ್ಲ. ಕಾನೂನು ಬಾವುಟಗಳನ್ನು ನೋಡುವುದು (ನಗಬೇಡಿ) ಜಾಹೀರಾತು ನಿಯಮಗಳಡಿ. 2012ರ ತಿದ್ದುಪಡಿಯಂತೆ, ಕೆಲವು ಷರತ್ತುಗಳನ್ನು ಪಾಲಿಸಿದರೆ ಕೌಂಟಿ ಬಾವುಟ ಹಾರಿಸಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕಿಲ್ಲ. ನನಗಂತೂ ಬಿಳಿಯದೇ ಚೆಂದ.

— ಒಬ್ಬ ಓದುಗ, ಧಾರವಾಡ