ಮಗಳಿಗೊಂದು ಪತ್ರ: ಶನಿವಾರದ ಫಾಂಡ್ಯೂ ಊಟಕ್ಕೆ ಮುಂಚೆ

ಪುಟ್ಟೀ,

ನಿನ್ನೆ ಫೋನಿನಲ್ಲಿ ನಾನು ದನಿ ಏರಿಸಬಾರದಿತ್ತು. ತಪ್ಪಾಯಿತು. ನೀನು ಫೋನ್ ಇಟ್ಟದ್ದೂ ಸರಿಯೇ. ಉಳಿದದ್ದು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದಿಲ್ಲ. ಶನಿವಾರ ಲ್ಯಾಬಿನವರ ಜೊತೆ ಫ್ರಿಬೂರ್‌ಗೆ ಹೋಗಿ, ಕರಗಿಸಿದ ಚೀಸ್‌ನಲ್ಲಿ ಬ್ರೆಡ್ ಅದ್ದಿ ತಿನ್ನುವ ಆ ಸ್ವಿಸ್ ಊಟ, ಫಾಂಡ್ಯೂ, ಮುಗಿಸಿ ಬಾ. ಎಂಟು ಜನರಿಗೆ ಮೇಜು ಬೇಕು ಅಂತ ನೀನೇ ಫ್ರೆಂಚ್‌ನಲ್ಲಿ ಮಾತಾಡಿ ಹಿಡಿದಿಟ್ಟೆಯಂತೆ, ಅಮ್ಮ ಹೇಳಿದಳು. ಅದನ್ನು ಕೇಳಿ ಎಷ್ಟು ಖುಷಿಯಾಯಿತು ಅಂತ ನಿನ್ನೆಯೇ ಹೇಳಬೇಕಿತ್ತು.

ಆ ಚೀಸ್‌ನಲ್ಲಿರುವ ಕರುವಿನ ವಿಷಯ ಒಂದೇ ಸಲ ಬರೆದು ಮುಗಿಸುತ್ತೇನೆ. ನಾವು ಹಾಲಿಗೆ ಮಜ್ಜಿಗೆಯ ಹೆಪ್ಪು ಹಾಕುತ್ತೇವೆ. ಅಲ್ಲಿಯವರು ಫಾಂಡ್ಯೂಗೆ ಬಳಸುವ ಗ್ರುಯೇರ್ ಚೀಸ್ ಮಾಡಲು ಹಾಲಿಗೆ ಹೆಪ್ಪಿನ ಹಾಗೆ ರೆನೆಟ್ ಹಾಕುತ್ತಾರೆ. ಅದು ಹಾಲು ಕುಡಿಯುವ ಕರುವಿನ ನಾಲ್ಕನೇ ಹೊಟ್ಟೆಯಿಂದ ಬರುವ ಕಿಣ್ವ. ಬೇರೆ ಕೆಲವು ಚೀಸ್‌ಗಳಿಗೆ ಪ್ರಾಣಿಯದಲ್ಲದ ರೆನೆಟ್ ಬಳಸುತ್ತಾರೆ, ಗ್ರುಯೇರ್‌ನ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಮಾಂಸದ ತುಂಡಿಲ್ಲವೆಂದು ಅಲ್ಲಿಯವರು ಫಾಂಡ್ಯೂವನ್ನು ಸಸ್ಯಾಹಾರ ಎಂದೇ ಹೇಳುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ. ತಿನ್ನುವುದು ಬಿಡುವುದು ನಿನಗೆ ಸೇರಿದ್ದು. ಊರಿಗೆ ಬಂದಾಗ ನಾನು ಕೇಳುವುದಿಲ್ಲ.

ವೈನ್ ಬೇರೆ ಮಾತು. ಫ್ರಿಬೂರ್‌ನಲ್ಲಿ ಹೆಚ್ಚಾಗಿ ಸಿಗುವುದು 'ಮ್ವಾತ್ಯೆ-ಮ್ವಾತ್ಯೆ': ಅರ್ಧ ಗ್ರುಯೇರ್, ಅರ್ಧ ವಾಶ್ರೆನ್ ಎಂಬ ಅಲ್ಲಿನದೇ ಚೀಸ್. ತಲೆಗೆ 200ರಿಂದ 250 ಗ್ರಾಂ ಚೀಸ್, ಸುಮಾರು 100 ಮಿಲಿ ಬಿಳಿ ವೈನ್, ಒಂದಿಷ್ಟು ಕಾರ್ನ್ ಫ್ಲೋರ್, ಪಾತ್ರೆಗೆ ಉಜ್ಜಿದ ಬೆಳ್ಳುಳ್ಳಿ. ಕೊನೆಯಲ್ಲಿ ಕಿರ್ಶ್, ಅಂದರೆ ಚೆರ್ರಿ ಹಣ್ಣಿನಿಂದ ಇಳಿಸಿದ ಮದ್ಯ. ಕಾಯಿಸಿದರೆ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಸ್ವಲ್ಪ ಉಳಿಯುತ್ತದೆ, ಕೊನೆಗೆ ಸುರಿದ ಕಿರ್ಶ್ ಅಂತೂ ಉಳಿದೇ ಉಳಿಯುತ್ತದೆ. ಬೇಡವೆನಿಸಿದರೆ ಆ ಊರಿನದೇ ಇನ್ನೊಂದು ಬಗೆಯಿದೆ, ಬರೀ ವಾಶ್ರೆನ್‌ನದು. ಅದನ್ನು ವೈನ್ ಇಲ್ಲದೆ, ತುಸು ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸುತ್ತಾರೆ. ಕುದಿಯಲು ಬಿಡುವುದೇ ಇಲ್ಲ, ಕುದಿದರೆ ಎಳೆಎಳೆಯಾಗಿ ಕೆಡುತ್ತದೆ. ಬೇಯಿಸಿದ ಆಲೂಗಡ್ಡೆ ಜೊತೆ ಚೆನ್ನಾಗಿರುತ್ತದೆ. ಅದರಲ್ಲೂ ರೆನೆಟ್ ಇರುತ್ತದೆ. 'ಸಾಂ ವ್ಯಾಂ, ಸಾಂ ಕಿರ್ಶ್', ಅಂದರೆ ವೈನ್ ಇಲ್ಲದೆ, ಕಿರ್ಶ್ ಇಲ್ಲದೆ, ಅಂತ ಕೇಳಿ ಖಚಿತಪಡಿಸಿಕೋ. ಮೆನುವಿನಲ್ಲಿ 'ಶಿನ್ವಾಜ್', 'ಬೂರ್ಗಿನ್ಯೋನ್' ಅಂತಿದ್ದರೆ ಅವು ಚೀಸ್‌ನವಲ್ಲ. ಮೊದಲನೆಯದು ಸಾರಿನಲ್ಲಿ, ಎರಡನೆಯದು ಕಾದ ಎಣ್ಣೆಯಲ್ಲಿ ಮಾಂಸ ಬೇಯಿಸಿಕೊಳ್ಳುವುದು.

ಈಗ ನನಗೆ ನಿದ್ದೆ ಬಾರದಂತೆ ಮಾಡಿರುವ ವಿಷಯ: ಪಾತ್ರೆಯ ಕೆಳಗಿನ ಒಲೆ. ಅದನ್ನು 'ರೆಶೋ' ಅನ್ನುತ್ತಾರೆ. ಕೆಲವು ಕಡೆ ಅದಕ್ಕೆ ಮುಚ್ಚಿದ ಡಬ್ಬಿಯಲ್ಲಿ ಬರುವ ಉರಿಯುವ ಜೆಲ್ ಇಡುತ್ತಾರೆ, ಕೆಲವು ಕಡೆ ಸ್ಪಿರಿಟ್ ಸುರಿಯುತ್ತಾರೆ. ಸ್ಪಿರಿಟ್‌ನ ಜ್ವಾಲೆ ತೆಳು ನೀಲಿ, ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಯಾರೋ ಬಾಟಲಿ ಬಗ್ಗಿಸುತ್ತಾರೆ. ಒಲೆ ಬಿಸಿಯಿದ್ದರೂ ಸಾಕು, ಆವಿಗೆ ಬೆಂಕಿ ಹತ್ತಿ ಬಾಟಲಿಯೊಳಕ್ಕೆ ಹೋಗಿ ಅದರ ಬಾಯಿಂದ ಚಿಮ್ಮುತ್ತದೆ. ಸುಡುವುದು ಸುರಿದವರನ್ನಷ್ಟೇ ಅಲ್ಲ, ಎದುರಿಗೆ ಕೂತವರನ್ನೂ. ಆ ಎದುರಿನ ಕುರ್ಚಿಯಲ್ಲಿ ನೀನಿರಬಾರದು. ಮರುಪೂರಣ ಬೇಕಾದರೆ ಮುಚ್ಚಳ ಹಾಕಿ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮೇಜಿನಿಂದ ದೂರ ಒಯ್ದು ತುಂಬಿಸಿ, ಚೆಲ್ಲಿದ್ದನ್ನು ಒರೆಸಿ, ಆಮೇಲೆ ಹಚ್ಚಬೇಕು. ವೇಟರ್ ಅವಸರದಲ್ಲಿದ್ದರೂ ಕಾಯುವಂತೆ ಹೇಳು, ಸಂಕೋಚಪಡಬೇಡ. ನಿನಗೆ ಯಾರಿಗೂ ಬೇಡ ಅನ್ನಲು ಬರುವುದಿಲ್ಲ, ಅದನ್ನು ಕಲಿಸಿದವನೂ ನಾನೇ. ಕೂದಲು ಕಟ್ಟಿಕೋ. ಆ ಜಾರುವ ದುಪಟ್ಟಾ ಬೇಡ, ಮೇಜಿನ ಮೇಲೆ ಕೈಚಾಚುವ ಊಟವದು. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಬೆಣ್ಣೆ ಹಚ್ಚುವುದಲ್ಲ. ಆಂಬುಲೆನ್ಸ್ 144.

ತಿನ್ನುವ ಕ್ರಮ ಸುಲಭ. ಬ್ರೆಡ್ ಹಿಂದಿನ ದಿನದ್ದಿದ್ದರೆ ಒಳ್ಳೆಯದು. ಪ್ರತಿ ತುಂಡಿಗೂ ಕಂದು ಅಂಚು ಇರಬೇಕು. ಮೆತ್ತನೆಯ ಕಡೆಯಿಂದ ಚುಚ್ಚಿ ಫೋರ್ಕಿನ ಮುಳ್ಳು ಅಂಚಿನಲ್ಲಿ ಕಚ್ಚುವಂತೆ ಮಾಡು, ಇಲ್ಲದಿದ್ದರೆ ಪಾತ್ರೆಯಲ್ಲೇ ಕಳಚಿಹೋಗುತ್ತದೆ. ತಳದವರೆಗೂ ಇಳಿಸಿ ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುವು. ಎಲ್ಲರೂ ತಿರುವುತ್ತಿದ್ದರೇ ಅದು ಒಂದೇ ಹದದಲ್ಲಿ ಉಳಿಯುವುದು. ವೈನಿನ ಹುಳಿ ಚೀಸ್‌ನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಪ್ರೋಟೀನ್ ಗಂಟಾಗದಂತೆ ತಡೆಯುತ್ತದೆ, ಹಿಟ್ಟು ಅದಕ್ಕೆ ಆಸರೆ. ಉರಿ ಜಾಸ್ತಿಯಾದರೆ ಪ್ರೋಟೀನ್ ಬಿಗಿದು ಜಿಡ್ಡು ಮೇಲೆ ತೇಲುತ್ತದೆ. ಆಗ ತುಸು ನಿಂಬೆರಸದಲ್ಲಿ ಕಾರ್ನ್ ಫ್ಲೋರ್ ಕದಡಿ ಹಾಕಿ ತಿರುವಿದರೆ ಮತ್ತೆ ಕೂಡಿಕೊಳ್ಳುತ್ತದೆ. ಬಾಯಿಗಿಡುವ ಮುನ್ನ ಒಂದಿಷ್ಟು ಆರಲಿ. ಬಿಸಿ ಚೀಸ್ ಅಂಗುಳಕ್ಕೆ ಅಂಟಿದರೆ ಬಿಡದು. ಫೋರ್ಕ್ ತುಟಿಗೆ ತಾಗಿಸದೆ ಹಲ್ಲಿನಿಂದ ಎಳೆದುಕೋ, ಅದೇ ಫೋರ್ಕ್ ಮತ್ತೆ ಎಲ್ಲರ ಪಾತ್ರೆಗೆ ಹೋಗುತ್ತದೆ. ಅದನ್ನು ಅಲ್ಲಿ ನಿನಗೆ ಯಾರೂ ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಕೊನೆಯಲ್ಲಿ ತಳ ಹಿಡಿದು ಗರಿಗರಿಯಾಗುವ ಪದರವೇ 'ರೆಲಿಜ್ಯೂಸ್'. ಕೆರೆದು ಎಲ್ಲರಿಗೂ ಹಂಚುತ್ತಾರೆ, ಬಿಡಬೇಡ.

ಕುಡಿಯಲು ಬಿಸಿ ಕಪ್ಪು ಚಹಾ ಕೇಳು. ತಣ್ಣೀರು ಕುಡಿದರೆ ಹೊಟ್ಟೆಯಲ್ಲಿ ಚೀಸ್ ಗಂಟಾಗುತ್ತದೆ ಅಂತ ಅಲ್ಲಿ ಹಳೆಯ ನಂಬಿಕೆ. 2010ರಲ್ಲಿ ಜ್ಯೂರಿಕ್‌ನ ವೈದ್ಯರು 20 ಜನರಿಗೆ ಫಾಂಡ್ಯೂ ತಿನ್ನಿಸಿ, ಜೊತೆಗೆ ಒಮ್ಮೆ ವೈನ್, ಒಮ್ಮೆ ಚಹಾ ಕೊಟ್ಟು ನೋಡಿದರು. ವೈನ್ ಕುಡಿದಾಗ ಹೊಟ್ಟೆ ಖಾಲಿಯಾಗುವುದು ನಿಧಾನವಾಯಿತು. 'ನೀನ್ಯಾಕೆ ಕುಡಿಯಲ್ಲ' ಅಂತ ಯಾರಾದರೂ ಒತ್ತಾಯಿಸಿದರೆ ಇದನ್ನು ಹೇಳು. ಹಗುರ ಊಟವಲ್ಲ, ಮಧ್ಯಾಹ್ನ ಕಡಿಮೆ ತಿನ್ನು.

ಮತ್ತೆ ಉಪದೇಶವೇ ಆಯಿತು. ನೀನು ಬರೆದದ್ದು ಎರಡೇ ಸಾಲು, ನಾನು ಬರೆದದ್ದು ಇಷ್ಟು. ವೈನ್, ರೆನೆಟ್ ಎರಡನ್ನೂ ನೀನು ತೂಗಿ ನೋಡುತ್ತೀ, ಅದರಲ್ಲಿ ನನಗೆ ಅನುಮಾನವಿಲ್ಲ. ಕೂರುವ ಮೊದಲು ಒಲೆ ನೋಡು: ಜೆಲ್ಲಾ, ಸ್ಪಿರಿಟ್ಟಾ? ಸ್ಪಿರಿಟ್ ಆದರೆ ಬಾಟಲಿ ಯಾರ ಕೈಯಲ್ಲಿದೆ ಅಂತಲೂ ನೋಡು. ಲೊಸಾನ್‌ಗೆ ವಾಪಸ್ ರೈಲು ಹತ್ತಿದ ಮೇಲೆ ಒಂದು ಮೆಸೇಜ್ ಹಾಕು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎದ್ದಿರುತ್ತೇನೆ.

ನಿನ್ನ
ಅಪ್ಪ